ಪರದೆಯ ನಡುವೆ

ಮಿಸಾಕಿ
2008 ಮಾರ್ಚ್ 9

ಅಪ್ಪನಿಗೆ,

ಅಮ್ಮನ ನಲವತ್ತೊಂಬತ್ತನೇ ದಿನದ ಪೂಜೆ ನಿನ್ನೆ ಆಯಿತು. ಗುಡಿಯಿಂದ ಭಿಕ್ಷುಗಳು ಬಂದಿದ್ದರು. ಕಿನುಯೋ ಅತ್ತೆ ಬೆಳಿಗ್ಗೆಯೇ ಬಂದು ಅಡುಗೆಮನೆ ಹಿಡಿದರು. ನಿಮ್ಮ ಹಡಗಿನ ಕಂಪನಿಯಿಂದ ಇಬ್ಬರು ಬಂದು ಹೂವಿಟ್ಟು, ಚಹಾ ಕುಡಿದು ಹೋದರು. ಅಸ್ಥಿಯನ್ನು ಸಮಾಧಿಗೆ ಸೇರಿಸುವುದೊಂದು ಉಳಿದಿದೆ. ಅದನ್ನು ನೀವು ಬಂದ ಮೇಲೆ ಮಾಡೋಣ ಎಂದೆ. ಅತ್ತೆಗೆ ಇಷ್ಟವಾಗಲಿಲ್ಲ.

“ನಿಮ್ಮಪ್ಪ ಬರೋದು ಬರೋ ವರ್ಷ. ಅಲ್ಲೀತನಕ ಫುಸಾಯೇನ ಈ ಕಪಾಟಿನ ಮೇಲೇ ಕೂರಿಸ್ತೀಯೇನೆ?”

“ಕೂತಿರ್ಲಿ ಬಿಡಿ ಅತ್ತೆ. ಅಮ್ಮಂಗೆ ಕಾಯೋದೇನು ಹೊಸದಾ?”

ಅತ್ತೆ ಎದ್ದು ಪಾತ್ರೆ ತೊಳೆಯಲು ಹೋದರು. ನಾನು ಯಾರನ್ನೂ ಚುಚ್ಚಲೆಂದು ಹೇಳಿದ್ದಲ್ಲ.

ಜನವರಿಯಲ್ಲಿ ನೀವು ಹಡಗಿನಿಂದ ಫೋನ್ ಮಾಡಿದಾಗ ಏನೂ ಸರಿಯಾಗಿ ಕೇಳಿಸಲಿಲ್ಲ. ನಾನು ಆಡಿದ ಮಾತು ನಿಮಗೆ ತಡವಾಗಿ ತಲುಪುತ್ತಿತ್ತು, ನಿಮ್ಮದು ನನಗೆ. ಇಬ್ಬರೂ “ಹಲೋ, ಹಲೋ” ಎಂದುಕೊಂಡೇ ಇಟ್ಟುಬಿಟ್ಟೆವು. ಅದಕ್ಕೇ ಬರೆಯುತ್ತಿದ್ದೇನೆ. ಪೆರು ಕಡೆ ಹೋಗುವ ಸರಕಿನ ಹಡಗಿಗೆ ಕಂಪನಿಯವರು ಈ ಪತ್ರವನ್ನು ಕೊಡುತ್ತಾರಂತೆ.

ನಾನು ಚೆನ್ನಾಗಿದ್ದೇನೆ. ವಾರವಿಡೀ ಯೊಕೊಹಾಮಾದ ಬಾಡಿಗೆ ಕೋಣೆಯಲ್ಲಿ, ಶನಿವಾರ ಭಾನುವಾರ ಇಲ್ಲಿ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅಳು ಮಾತ್ರ ಬಂದಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲವಲ್ಲ, ಮೈಯೆಲ್ಲ ಹಾಗಿದೆ. ಬರುತ್ತದೆ, ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ನಿಜವಾಗಿ ಕೇಳಬೇಕಾಗಿದ್ದು ಟೀವಿಯ ವಿಷಯ. ನಡುಮನೆಯ ಡಬ್ಬಾ ಟೀವಿಯಲ್ಲಿ ಚಿತ್ರ ಎರಡೂ ಪಕ್ಕ ಒಳಕ್ಕೆ ಸರಿದಿದೆ. ಇನ್ನು ಮೂರು ವರ್ಷಕ್ಕೆ ಹಳೆಯ ಪ್ರಸಾರವನ್ನೇ ನಿಲ್ಲಿಸುತ್ತಾರಂತೆ, ಹೇಗೂ ಬದಲಿಸಲೇಬೇಕು. ನನ್ನ ಕೆಲಸವೇನೆಂದು ನೀವು ಕೇಳಿದ್ದು ನೆನಪಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ನಮ್ಮ ಕಂಪನಿ ತಯಾರಿಸುವ ಗೇಮ್‌ಗಳನ್ನು ಅಂಗಡಿಗೆ ಹೋಗುವ ಮೊದಲು ಆಡಿ, ತಪ್ಪು ಹುಡುಕಿ ಬರೆದಿಡುವುದು. ದಿನವಿಡೀ ಪರದೆ ನೋಡುವುದೇ ಕೆಲಸ. ಆದರೂ ಮನೆಗೆ ಯಾವ ಟೀವಿ ಎಂದರೆ ತಲೆ ಓಡುತ್ತಿಲ್ಲ. ಎಷ್ಟು ದೊಡ್ಡದು, ಎಷ್ಟು ಗೆರೆಗಳ ರೆಸಲ್ಯೂಶನ್, ಏನೂ ಹೊಳೆಯುತ್ತಿಲ್ಲ. ಬಂದ ಮೇಲೆ ಅದರ ಮುಂದೆ ಕೂರುವವರು ನೀವು. ನಿಮಗೆ ಎಂಥದು ಬೇಕು?

ಜೊತೆಗೆ ಒಂದು ಗೇಮ್ ಕಳಿಸಿದ್ದೇನೆ. ಬಿಸಿನೀರಿನ ಬುಗ್ಗೆಯ ಹತ್ತಿರ ವಸತಿಗೃಹ ನಡೆಸುವ ಆಟ. ನಮ್ಮಲ್ಲೇ ಆದದ್ದು. ಹಡಗಿನಲ್ಲಿ ಹುಡುಗರ ಹತ್ತಿರ ಗೇಮ್ ಯಂತ್ರ ಇದೆ ಎಂದು ಅಮ್ಮ ಹೇಳಿದ್ದಳು.

ಮೈ ನೋಡಿಕೊಳ್ಳಿ.
ಚಿಹಾರು


ಪೆರು ಸಮುದ್ರ
2008 ಮೇ 20

ಚಿಹಾರು,

ನಿನ್ನ ಪತ್ರ, ಪಾರ್ಸೆಲ್ ಎರಡೂ ಬಂದವು. ಸರಕಿನ ಹಡಗು ಪಕ್ಕಕ್ಕೆ ನಿಂತು ಎಣ್ಣೆ, ಅಕ್ಕಿ, ಮಿಸೊ ಕೊಟ್ಟು ನಮ್ಮ ಟ್ಯೂನಾ ಮೀನು ತುಂಬಿಕೊಂಡು ಹೋಯಿತು.

ಅಸ್ಥಿ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಅಕ್ಕನಿಗೆ ನಾನು ಬರೆಯುತ್ತೇನೆ.

ಆ ದಿನ ಸುದ್ದಿಯ ತಂತಿ ಬಂದಾಗ ನಾವು ಗಾಳದ ಹಗ್ಗ ಎಳೆಯುತ್ತಿದ್ದೆವು. ಕ್ಯಾಪ್ಟನ್ ಕೆಳಗಿಳಿದು ಬಂದು, “ಇಶಿವತಾ, ಇವತ್ತು ನೀನು ಮಲಕ್ಕೋ” ಎಂದ. ಮಲಗಿ ಮಾಡುವುದೇನು? ಮೀನು ಬರುತ್ತಿತ್ತು. ಮುಗಿಸಿ, ಕೈ ತೊಳೆದು, ಊಟ ಮಾಡಿದೆ. ಕರ್ರಿ ಸಾರು, ಅನ್ನ ಇತ್ತು. ಇಷ್ಟೇ ನೆನಪಿರುವುದು.

ಟೀವಿ ಕೇಳಿದ್ದೀಯ. ನನಗೆ ಗೊತ್ತಿರುವ ಟೀವಿ ಎಂದರೆ ಇಲ್ಲಿನ ಊಟದ ಕೋಣೆಯದೊಂದೇ. ಚಿಕ್ಕ ಡಬ್ಬಾ. ಅಲೆಗೆ ಬೀಳದಿರಲೆಂದು ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿದಿದ್ದೇವೆ. ನೀನು ಕಳಿಸಿದ ಆಟ ಹಾಕಿದ ದಿನದಿಂದ ಅಲ್ಲಿ ಕೂರಲು ಜಾಗವಿಲ್ಲ. ಇಂಡೋನೇಷ್ಯಾದ ಹುಡುಗರು ನನ್ನನ್ನು ವಸತಿಗೃಹದ ಯಜಮಾನ ಮಾಡಿಬಿಟ್ಟಿದ್ದಾರೆ. ಅತಿಥಿಗಳು ಏನು ಬೇಕೆಂದು ಪರದೆಯ ಕೆಳಗೆ ಅಕ್ಷರದಲ್ಲಿ ಬರುತ್ತದಲ್ಲ, ಅದು ನನಗೆ ಇರುವೆ ಸಾಲು ಹೋದ ಹಾಗೆ ಕಾಣುತ್ತದೆ. ಒಬ್ಬ ಮುದುಕಿ ಸುಟ್ಟ ಮೀನು ಕೇಳಿದ್ದಳಂತೆ, ನಾನು ಟವೆಲ್ ಕೊಟ್ಟೆ. ಅವಳು ಗಂಟುಮೂಟೆ ಕಟ್ಟಿಕೊಂಡು ಹೊರಟೇಹೋದಳು.

ರೇಡಿಯೊ ನೋಡಿಕೊಳ್ಳುವ ಹಾನಾವಾ ಪಕ್ಕದಲ್ಲಿ ಕೂತು ಓದಿ ಹೇಳುತ್ತಾನೆ. “ಯಜಮಾನ್ರೇ, ಮುದುಕಿ ಹಾಸಿಗೆ ಗಟ್ಟಿ ಅಂತಿದ್ದಾಳೆ.” “ಯಜಮಾನ್ರೇ, ನೀವು ಮತ್ತೆ ಟವೆಲ್ ಕೊಡ್ತಿದೀರ.” ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ನಗಬೇಕಾದ ಕಡೆ.

ಹಾಗಾಗಿ, ಅಕ್ಷರ ಕಾಣುವ ಟೀವಿ ತಗೋ. ನಿಮ್ಮ ಕಂಪನಿಯವರಿಗೂ ಹೇಳು, ಅಕ್ಷರ ದಪ್ಪ ಮಾಡಿ ಎಂದು.

ಇಶಿವತಾ ತಾಕೆಜಿ


ಯೊಕೊಹಾಮಾ
2008 ಜುಲೈ 6

ಅಪ್ಪನಿಗೆ,

ನೀವು ಹೆಸರು ಪೂರ್ತಿ ಬರೆದು ಸಹಿ ಹಾಕಿದ್ದು ನೋಡಿ ನಗು ಬಂತು. ಬ್ಯಾಂಕಿಗೆ ಬರೆದ ಹಾಗೆ.

ನಿಮ್ಮ ಮಾತನ್ನು ಆಫೀಸಿನಲ್ಲಿ ಹೇಳಿದೆ. ಈಗಿನ ಗೇಮ್‌ಗಳನ್ನು ಚಪ್ಪಟೆ ಟೀವಿಗೆಂದು, ಪರದೆಯಲ್ಲಿ ಏಳುನೂರಿಪ್ಪತ್ತು ಅಡ್ಡಗೆರೆ ಇರುತ್ತದೆಂದು ಲೆಕ್ಕ ಹಿಡಿದು ಮಾಡುತ್ತಾರೆ. ಡಬ್ಬಾ ಟೀವಿಯಲ್ಲಿ ಅಷ್ಟು ಗೆರೆ ಇಲ್ಲ. ಅಕ್ಷರದ ಕಡ್ಡಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನಮ್ಮ ವಿಭಾಗದ ಮುಖ್ಯಸ್ಥ ಮಿಜೋಗುಚಿಯವರಿಗೆ ಇದು ತಪ್ಪು ಎಂದೇ ಅನಿಸುವುದಿಲ್ಲ.

“ಇಶಿವತಾ ಅವರೇ, ಡಬ್ಬಾ ಟೀವಿ ಇನ್ನೂ ಯಾರ ಮನೇಲಿದೆ ಹೇಳಿ?”

“ನಮ್ಮಪ್ಪನ ಹಡಗಲ್ಲಿದೆ.”

“ಸಮುದ್ರದ ಮಧ್ಯ ಇರೋರಿಗೆ ಅಂತ ನಾವು ಗೇಮ್ ಮಾಡಕ್ಕಾಗತ್ತಾ?” ಎಂದು ನಕ್ಕರು. ನನ್ನ ದೂರು ‘ಹೀಗೇ ಇರಲಿ’ ಎಂಬ ಷರಾ ಹೊತ್ತು ವಾಪಸ್ ಬಂತು.

ನನಗೆ ಸಮಾಧಾನವಾಗಲಿಲ್ಲ. ಆಫೀಸಿನ ನಮ್ಮ ಕೋಣೆಯ ಮೂಲೆಯಲ್ಲಿ ನಿಮ್ಮದರಷ್ಟೇ ಚಿಕ್ಕ ಡಬ್ಬಾ ಒಂದಿದೆ. ಅದರ ಮೇಲಿದ್ದ ಕ್ಯಾಲೆಂಡರ್ ತೆಗೆದು, ಧೂಳು ಒರೆಸಿ, ಅದೇ ಆಟ ಹಾಕಿದೆ. ಊಟದ ಮೇಜಿನಷ್ಟು ದೂರಕ್ಕೆ ಕುರ್ಚಿ ಎಳೆದುಕೊಂಡು ಕೂತೆ.

ಅಪ್ಪ, ಓದಲು ಬರುತ್ತದೆ. ಚೆನ್ನಾಗಿಲ್ಲ, ಕಣ್ಣು ಕಿರಿದು ಮಾಡಬೇಕು. ಆದರೆ ಮುದುಕಿಗೆ ಸುಟ್ಟ ಮೀನು ಬೇಕು ಎನ್ನುವುದು ಗೊತ್ತಾಗುತ್ತದೆ. ಪಕ್ಕದ ಮೇಜಿನ ನಿಶಿಗೋರಿಯನ್ನು ಕೂರಿಸಿದೆ. ಅವನದು ಬಾಟಲಿ ತಳದಂಥ ಕನ್ನಡಕ. ಅವನೂ ಓದಿದ. ಹಾನಾವಾ ಅವರೂ ಓದುತ್ತಾರೆ ಎಂದು ನೀವೇ ಬರೆದಿದ್ದೀರಿ.

ಅಂದಮೇಲೆ ತಪ್ಪು ಟೀವಿಯದೊಂದೇ ಅಲ್ಲ.

ಒಂದು ಕೆಲಸ ಮಾಡಿ. ಆಟದಲ್ಲಿ ಸ್ನಾನದ ಮನೆಗೆ ಹೋಗಿ. ನೆಲಕ್ಕೆ ಚೌಕ ಚೌಕದ ಬಿಲ್ಲೆ ಹಾಸಿದೆ. ಆ ಗೆರೆಗಳು ನೆಟ್ಟಗಿವೆ. ನಾನೇ ಪರೀಕ್ಷೆ ಮಾಡಿದ್ದೇನೆ, ನನಗೆ ಗೊತ್ತು. ಮೊದಲು ಎಡಗಣ್ಣು ಮುಚ್ಚಿಕೊಂಡು ನೆಲದ ನಡುವೆ ನೋಡಿ. ಆಮೇಲೆ ಬಲಗಣ್ಣು ಮುಚ್ಚಿಕೊಂಡು ನೋಡಿ. ಎರಡು ಸಲವೂ ಗೆರೆ ನೆಟ್ಟಗೆ ಕಾಣುತ್ತದೆಯೋ, ಬಾಗಿದೆಯೋ, ನಡುವೆ ಎಲ್ಲಾದರೂ ಮಾಯವಾಗುತ್ತದೆಯೋ, ಕಂಡದ್ದನ್ನು ಕಂಡ ಹಾಗೇ ಬರೆಯಿರಿ. ತಮಾಷೆ ಬೇಡ.

ಅತ್ತೆ ಜೊತೆ ಟೀವಿ ಅಂಗಡಿಗೆ ಹೋಗಿದ್ದೆ. ಗೋಡೆ ತುಂಬ ಒಂದೇ ಹೂವು, ಒಂದೇ ಜಲಪಾತ. ಬರಿಗೈಯಲ್ಲಿ ಬಂದೆವು.

ಚಿಹಾರು


ಪೆರು ಸಮುದ್ರ
2008 ಆಗಸ್ಟ್ 28

ಚಿಹಾರು,

ನೋಡಿದೆ. ಎಡಗಣ್ಣು ಮುಚ್ಚಿದಾಗ ನೆಲ ಬಹುಮಟ್ಟಿಗೆ ನೆಟ್ಟಗೇ ಇದೆ. ಬಲಗಣ್ಣು ಮುಚ್ಚಿದರೆ ಗೆರೆಗಳು ನಡುವಿನಲ್ಲಿ ಬಾಗುತ್ತವೆ, ನೀರಿನ ಸೆಳೆತಕ್ಕೆ ಸಿಕ್ಕ ಹಗ್ಗದ ಹಾಗೆ. ಸರಿಯಾಗಿ ಮಧ್ಯದಲ್ಲಿ ಒಂದು ಕಂದು ಕಲೆ. ಕಣ್ಣು ಎತ್ತ ಹೋದರೆ ಅದೂ ಅತ್ತ. ನನಗೆ ಮೊದಲೇ ಗೊತ್ತಿತ್ತು. ಯಾವಾಗ ಶುರುವಾಯಿತೋ ಗೊತ್ತಿಲ್ಲ, ಚಳಿಗಾಲದಲ್ಲಿ ಇರಬಹುದು.

ಇದನ್ನು ಯಾರಿಗೂ ಹೇಳಬೇಡ. ಕಂಪನಿಗಂತೂ ಹೇಳಲೇಬೇಡ. ಕಣ್ಣು ಸರಿಯಿಲ್ಲ ಎಂದರೆ ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಾರೆ. ಈ ವಯಸ್ಸಿನಲ್ಲಿ ಒಮ್ಮೆ ಇಳಿದರೆ ಮತ್ತೆ ಯಾರೂ ಹತ್ತಿಸಿಕೊಳ್ಳುವುದಿಲ್ಲ. ಹದಿನೈದರಲ್ಲಿ ಹಡಗು ಹತ್ತಿದವನು ನಾನು. ನೆಲದ ಮೇಲೆ ಏನು ಮಾಡಬೇಕೆಂದು ಗೊತ್ತಿಲ್ಲ. ಅವಳಿದ್ದಾಗಲಾದರೂ ಮನೆ ಎಂದು ಒಂದಿತ್ತು.

ಹಗ್ಗದ ಹತ್ತಿರ ನಾನು ಜಾಗ್ರತೆಯಾಗಿದ್ದೇನೆ. ಹೋದ ವಾರ ಒಂದು ಗಾಳ ಬಿಟ್ಟುಕೊಂಡು ಹಾರಿಬಂತು. ನನಗೆ ಕಾಣಲಿಲ್ಲ. ಕಾರ್ಸೋನೋ ಎಂಬ ಜಾವಾದ ಹುಡುಗ ನನ್ನ ಬೆಲ್ಟು ಹಿಡಿದು ಹಿಂದಕ್ಕೆಳೆದ. ಟೋಪಿ ಹೋಯಿತು ಅಷ್ಟೆ. “ಬಾಪಾ, ಕಣ್ಣೆಲ್ಲಿಟ್ಕೊಂಡಿದೀರಿ?” ಎಂದು ಬೈದ. ಬಾಪಾ ಎಂದರೆ ಅವರಲ್ಲಿ ಅಪ್ಪ. ಆಮೇಲೆ ಎಲ್ಲರೂ ಅವನನ್ನು ತಮಾಷೆ ಮಾಡಿದರು, ಯಜಮಾನರಿಗೇ ಬೈದೆಯಲ್ಲ ಎಂದು. ನೀನು ನಗಲೆಂದು ಇದನ್ನು ಬರೆದೆ. ತಮಾಷೆ ಬೇಡ ಎಂದಿದ್ದೆ ನೀನು, ಮರೆತೆ.

ಟೀವಿ ತಗೊಂಡೆಯಾ? ಯಾವುದಾದರೂ ಸರಿ, ಸುಮ್ಮನೆ ತಗೋ. ಮನೆಯಲ್ಲಿ ಸದ್ದು ಇರಲಿ.

ತಾಕೆಜಿ


ಮಿಸಾಕಿ
2008 ಸೆಪ್ಟೆಂಬರ್ 23

ಅಪ್ಪನಿಗೆ,

ನಿಮ್ಮ ಪತ್ರ ಈ ಸಲ ಬೇಗ ಬಂತು. ಅದನ್ನು ಚೀಲದಲ್ಲಿಟ್ಟುಕೊಂಡು ಒಂದಿಷ್ಟು ದಿನ ಓಡಾಡಿದೆ. ರೈಲಿನಲ್ಲಿ ಓದಿದೆ, ಆಫೀಸಿನಲ್ಲಿ ಊಟದ ಹೊತ್ತಿಗೆ ಓದಿದೆ. ಗಾಳ ಹಾರಿಬಂದ ಜಾಗಕ್ಕೆ ಬಂದು ಪ್ರತಿಸಲ ನಿಲ್ಲಿಸಿದೆ.

ಯೊಕೊಹಾಮಾದಲ್ಲಿ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ನೀವು ಬರೆದದ್ದನ್ನು ಓದಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. “ರೋಗಿ ಎಲ್ಲಿದ್ದಾರೆ?” ಎಂದರು. “ಪೆರು ಹತ್ತಿರ, ಸಮುದ್ರದಲ್ಲಿ” ಎಂದೆ. “ಕಣ್ಣಿನ ಹಿಂದಿನ ಪರದೇಲಿ ರಕ್ತ ಒಸರ್ತಿರಬಹುದಮ್ಮ. ನೋಡ್ದೇ ಹೇಳಕ್ಕಾಗಲ್ಲ. ಅದೇ ಆದ್ರೆ ಕಾಯೋ ಹಾಗಿಲ್ಲ. ಒಂದು ಕಣ್ಣಾದ್ಮೇಲೆ ಇನ್ನೊಂದಕ್ಕೂ ಬರತ್ತೆ” ಎಂದರು.

ಅಲ್ಲಿಂದ ಹೊರಬಂದು, ಹಡಗಿನ ಕಂಪನಿಯ ಕಚೇರಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಗಾಳದ ವಿಷಯವನ್ನೂ ಹೇಳಿದೆ. ಅವರು ನನ್ನೆದುರಿಗೇ ಹಡಗಿಗೆ ಸಂದೇಶ ಕಳಿಸಿದರು. ಮುಂದಿನ ಸಲ ಕಾಯಾವೊ ಬಂದರಿಗೆ ಬಂದಾಗ ನಿಮ್ಮನ್ನು ಇಳಿಸಿ ಡಾಕ್ಟರಿಗೆ ತೋರಿಸುತ್ತಾರೆ. ಈ ಪತ್ರ ಬಂದರಿನ ಏಜೆಂಟರ ಕೈಗೆ ಹೋಗುತ್ತದೆ. ನೀವು ಓದುವ ಹೊತ್ತಿಗೆ ಎಲ್ಲ ಗೊತ್ತಾಗಿರುತ್ತದೆ.

ಹೇಳಬೇಡ ಎಂದಿದ್ದಿರಿ. ಹೇಳಿದೆ. ಅದಕ್ಕೆ ಕಾರಣ ಬರೆಯುವುದಿಲ್ಲ.

ಇವತ್ತು ಶರತ್ಕಾಲದ ಹಿಗಾನ್. ಊರಿನವರೆಲ್ಲ ತಮ್ಮ ಹಿರಿಯರ ಸಮಾಧಿಗೆ ಹೋಗಿದ್ದಾರೆ. ನಾನು ಅಕ್ಕಿಯ ಓಹಗಿ ಉಂಡೆ ತಂದು ಕಪಾಟಿನ ಮೇಲೆ ಅಮ್ಮನ ಮುಂದಿಟ್ಟೆ. ಆಮೇಲೆ ನಾನೇ ತಿಂದೆ. ಸಿಹಿ ಇತ್ತು.

ಚಿಹಾರು


ಕಾಯಾವೊ
2008 ಅಕ್ಟೋಬರ್ 17

ಚಿಹಾರು,

ಇಳಿಸಿದರು. ಹಡಗು ನೆನ್ನೆ ಹೋಯಿತು. ಕಟ್ಟೆಯ ಮೇಲೆ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದೆ.

ಡಾಕ್ಟರು ನೋಡಿದರು. ನೀನು ಹೇಳಿದ್ದೇ. ಎಡಗಣ್ಣಿನದು ಮುಗಿದ ಕಥೆ, ಬಲಗಣ್ಣಿನಲ್ಲೂ ಸ್ವಲ್ಪ ಶುರುವಾಗಿದೆ ಎಂದು ಏಜೆಂಟ್ ಬಿಡಿಸಿ ಹೇಳಿದ.

ನಿನ್ನಿಂದ ನಾನು ಒಂದೇ ಒಂದು ಕೇಳಿದ್ದೆ.

ವಿಮಾನ ಮುಂದಿನ ವಾರ. ಕರೆದುಕೊಂಡು ಹೋಗಲು ನೀನು ಬರಲೇಬೇಕೆಂದಿಲ್ಲ.

ಇಶಿವತಾ ತಾಕೆಜಿ


ಯೊಕೊಹಾಮಾ
2008 ಡಿಸೆಂಬರ್ 14

ಅಪ್ಪನಿಗೆ,

ಈಗ ನೀವು ರೈಲಿನಲ್ಲಿ ಒಂದು ಗಂಟೆಯ ದೂರದಲ್ಲಿದ್ದೀರಿ, ಫೋನೂ ಇದೆ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಕೂತಾಗ ನಮಗಿಬ್ಬರಿಗೂ ಮಾತು ಬರುತ್ತಿಲ್ಲ.

ನರಿತಾ ವಿಮಾನ ನಿಲ್ದಾಣದಲ್ಲಿ ನೀವು ಬಾಗಿಲಿಂದ ಹೊರಬಂದಾಗ ನಾನು ಕೈ ಎತ್ತಿದೆ. ನೀವು ನನ್ನ ಹತ್ತಿರ ಬಂದು, ಮುಖ ನೋಡದೆ, ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಾ, “ಬಂದ್ಯಾ” ಎಂದಿರಿ. ರೈಲಿನಲ್ಲೂ ಹಾಗೇ. ಸಮಾಧಿಗೆ ಹೋದ ದಿನವೂ ಹಾಗೇ. ಭಿಕ್ಷುಗಳ ಜೊತೆ ಮಾತಾಡಿದಿರಿ, ಕಲ್ಲು ಸರಿಸಲು ಬಂದವನ ಜೊತೆ ಮೀನಿನ ಮಾತಾಡಿದಿರಿ. ನನ್ನ ಕಡೆ ತಿರುಗಿದಾಗಲೆಲ್ಲ ಕಣ್ಣು ಬೇರೆ ಕಡೆ. ಕೋಪ ಇದೆ ಎಂದು ಗೊತ್ತು. ಇರಬೇಕಾದ್ದೇ.

ಅಮ್ಮನನ್ನು ನೀವೇ ಎತ್ತಿಕೊಂಡು ಹೋದಿರಿ. ಒಳಗಿಟ್ಟಿರಿ. ಕಲ್ಲು ಮುಚ್ಚಿದರು. ಈಗಲಾದರೂ ಏನಾದರೂ ಆಗುತ್ತದೆ ಎಂದು ನಾನು ಕಾಯುತ್ತಿದ್ದೆ. ನೀವು “ಹಸಿವಾಗ್ತಿದೆ, ಸೊಬಾ ತಿನ್ನೋಣ” ಎಂದಿರಿ. ನೂಡಲ್ ಅಂಗಡಿಯಲ್ಲಿ ಕೂತು ಸೊಬಾ ತಿಂದೆವು. ಅತ್ತೆ ಮಾತ್ರ ಬಟ್ಟಲಿನ ಮುಂದೆ ಕೂತು ಅತ್ತರು. ನಾವಿಬ್ಬರೂ ಅವರನ್ನು ಯಾರೋ ದಾರಿಹೋಕರನ್ನು ನೋಡಿದ ಹಾಗೆ ನೋಡಿದೆವು.

ಯೊಕೊಸುಕಾ ಆಸ್ಪತ್ರೆಯ ಡಾಕ್ಟರ ಹತ್ತಿರ ಮಾತಾಡಿದೆ. ಎಡಗಣ್ಣಿನ ನಡುಭಾಗ ಇನ್ನು ಬರುವುದಿಲ್ಲವಂತೆ. ಬಲಗಣ್ಣಿಗೆ ಚುಚ್ಚುಮದ್ದು ನಾಟುತ್ತಿದೆ, ಈಗ ಇರುವಷ್ಟು ಉಳಿಸಿಕೊಳ್ಳಬಹುದು ಎಂದರು. ಚುಚ್ಚುವಾಗ ನೀವು ಸೂಜಿಯನ್ನೇ ನೋಡುತ್ತಿದ್ದಿರಂತೆ. ಡಾಕ್ಟರಿಗೇ ಹೆದರಿಕೆಯಾಯಿತಂತೆ.

ಈಗ ಟೀವಿ. ಹಳೆಯ ಡಬ್ಬಾದಲ್ಲಿ ಚಿತ್ರ ಪೂರ್ತಿ ಹೋಯಿತು, ಬರೀ ಧ್ವನಿ ಬರುತ್ತಿದೆ ಎಂದು ಅತ್ತೆ ಹೇಳಿದರು. ನೀವು ಧ್ವನಿ ಕೇಳಿಕೊಂಡೇ ಕೂತಿರುತ್ತೀರಂತೆ. ನಾನು ಬಂದು ಕೊಡಿಸುತ್ತೇನೆ ಎಂದರೆ ನೀವು ಬೇಡ ಎನ್ನುತ್ತೀರಿ. ಹಾಗಾದರೆ ನೀವೇ ಹೋಗಿ, ಇಷ್ಟು ನೋಡಿಕೊಳ್ಳಿ.

ಅಂಗಡಿಯವರು ಸಾವಿರದೆಂಬತ್ತು ಗೆರೆಯದ್ದು ತಗೊಳ್ಳಿ, ಏಳುನೂರಿಪ್ಪತ್ತರದ್ದು ಹಳತಾಯಿತು ಎನ್ನುತ್ತಾರೆ. ನಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತರೆ ಚಿಕ್ಕ ಪರದೆಯಲ್ಲಿ ಆ ವ್ಯತ್ಯಾಸ ನನ್ನ ಕಣ್ಣಿಗೇ ತಿಳಿಯುವುದಿಲ್ಲ. ಆದರೆ ನೀವು ಈಗ ಹತ್ತಿರ ಕೂರುತ್ತೀರಿ. ಹತ್ತಿರ ಕೂತವರಿಗೆ ಗೆರೆ ಹೆಚ್ಚಿದ್ದಷ್ಟೂ ಅಕ್ಷರದ ಅಂಚು ಒಡೆಯುವುದಿಲ್ಲ. ಹೊಳಪು ನೋಡಿ ಮರುಳಾಗಬೇಡಿ, ಅಂಗಡಿಯ ದೀಪಕ್ಕೆಂದು ಅಷ್ಟು ಏರಿಸಿಟ್ಟಿರುತ್ತಾರೆ. ಆಟ ಆಡುವುದಿದ್ದರೆ ‘ಗೇಮ್ ಮೋಡ್’ ಇದೆಯೇ ಕೇಳಿ. ಚಪ್ಪಟೆ ಟೀವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ತಡವಾಗುತ್ತದೆ. ನೀವು ಗುಂಡಿ ಒತ್ತಿದ್ದು ಪರದೆಗೆ ಆಮೇಲೆ ಗೊತ್ತಾಗುತ್ತದೆ. ಗೇಮ್ ಮೋಡ್ ಹಾಕಿದರೆ ಆ ತಿದ್ದುವ ಕೆಲಸ ಬಿಟ್ಟುಬಿಡುತ್ತದೆ.

ನನಗೆ ಹೇಳಲು ಬರುವುದು ಇಷ್ಟೇ ಅಪ್ಪ. ಬೇರೇನಾದರೂ ಬರುತ್ತಿದ್ದರೆ ಅದನ್ನೇ ಬರೆಯುತ್ತಿದ್ದೆ.

ಚಿಹಾರು


ಮಿಸಾಕಿ
2009 ಜನವರಿ 11

ಚಿಹಾರು,

ಅಕ್ಷರ ದೊಡ್ಡದಾಗಿದೆ, ಹಾಳೆ ಜಾಸ್ತಿ ಆಗುತ್ತದೆ. ಸಹಿಸಿಕೋ.

ಟೀವಿ ತಂದೆ. ಅಕ್ಕನೂ ಬಂದಿದ್ದಳು. ಅಂಗಡಿಯವನು ಚಿಕ್ಕ ವಯಸ್ಸಿನವನು, ಬಾಯಿ ಜೋರು. “ಯಜಮಾನ್ರೇ, ಏನೇನ್ ನೋಡ್ತೀರಿ? ಬೇಸ್‌ಬಾಲಾ? ಸಿನಿಮಾನಾ?” ಎಂದ.

“ಗೇಮ್ ಆಡ್ತೀನಿ” ಎಂದೆ.

ಅವನು ಅಕ್ಕನ ಮುಖ ನೋಡಿದ. ಅಕ್ಕ, “ನನ್ನನ್ನೇನ್ ನೋಡ್ತೀಯಪ್ಪ, ಅವನೇ ಆಡೋದು. ಛತ್ರ ನಡೆಸ್ತಾನಂತೆ” ಎಂದಳು.

ನಾನು ಒಂದೊಂದು ಟೀವಿಯ ಮುಂದೆಯೂ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಎಲ್ಲ ಟೀವಿಯ ನಡುವೆಯೂ ಅದೇ ಕಲೆ. ಹುಡುಗ ಹಿಂದೆಯೇ ಬರುತ್ತಿದ್ದ.

“ಎಷ್ಟು ದೊಡ್ಡದು ಬೇಕಾಗಿತ್ತು ಯಜಮಾನ್ರೇ?”

“ಈ ಕಲೆಗಿಂತ ದೊಡ್ಡದು.”

“ಎಲ್ಲಿ ಕಲೆ? ಹೊಸಾ ಪೀಸು ಸಾರ್ ಇದು!” ಎಂದು ಬಟ್ಟೆ ತಂದು ಪರದೆ ಒರೆಸತೊಡಗಿದ. ಅಕ್ಕ ಅಲ್ಲೇ ಮಾರಾಟಕ್ಕಿಟ್ಟ ಸೋಫಾದ ಮೇಲೆ ಕೂತು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಆಮೇಲೆ ಅವಳು ನಗುತ್ತಿಲ್ಲ ಎಂದು ಗೊತ್ತಾಯಿತು. ನಾನು ಪಕ್ಕದಲ್ಲಿ ಕೂತೆ. ಬೆನ್ನ ಮೇಲೆ ಕೈಯಿಟ್ಟೆ. “ನೀನು ಯಾಕೋ ಹೀಗಿದೀಯ ತಾಕೆಜಿ? ಒಂದ್ಸಲ ಆದ್ರೂ ಅಳಬಾರ್ದಾ? ಆ ಹುಡುಗೀನೂ ನಿನ್ನ ಹಾಗೇ ಆಗ್ತಿದಾಳೆ” ಎಂದಳು. ಹುಡುಗ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದ.

ಸಾವಿರದೆಂಬತ್ತು ಗೆರೆಯದ್ದನ್ನೇ ತಗೊಂಡೆ. ಗೇಮ್ ಮೋಡ್ ಇದೆ. ತಂದು ಜೋಡಿಸಿಕೊಟ್ಟು ಹೋದರು. ಹತ್ತಿರ ಕೂತು ಆಡಿದೆ. ಅಕ್ಷರ ಕಾಣುತ್ತದೆ, ನಡುವೆ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ. ಆಸ್ಪತ್ರೆಯಲ್ಲಿ ಅದನ್ನು ಹೇಳಿಕೊಟ್ಟರು. ನನಗೆ ಅವರು ಹೇಳುವ ಮೊದಲೇ ಅಭ್ಯಾಸವಾಗಿತ್ತು, ಹಡಗಿನಲ್ಲೇ. ಬಲಗಣ್ಣಿನಲ್ಲೂ ಈಗ ಮಧ್ಯ ಮಸುಕು. ನೇರ ನೋಡಿದರೆ ನೋಡಬೇಕಾದ್ದೇ ಮಾಯ.

ಕಂಪನಿಗೆ ಹೇಳಿದ್ದಕ್ಕೆ ಕೋಪ ಇನ್ನೂ ಇದೆ. ಬೆಳಿಗ್ಗೆ ಬಂದರಿನ ಕಡೆ ಹೋದಾಗ ಜಾಸ್ತಿಯಾಗುತ್ತದೆ. ಕಾರ್ಸೋನೋ ಇಲ್ಲಿಗೆ ಒಂದು ಕಾರ್ಡು ಕಳಿಸಿದ್ದಾನೆ, ಯಾರ ಕೈಲೋ ಜಪಾನೀ ಭಾಷೆಯಲ್ಲಿ ಬರೆಸಿ. ಬಾಪಾ, ನೀವಿಲ್ಲದೆ ನಾನು ಹಗ್ಗದ ಹತ್ತಿರ ನೆಮ್ಮದಿಯಾಗಿದ್ದೇನೆ ಎಂದು. ಅದನ್ನು ಓದಿ ಸ್ವಲ್ಪ ಹೊತ್ತು ಹೊರಗೆ ಕೂತಿದ್ದೆ.

ಅಕ್ಕ ಹೇಳಿದ್ದನ್ನು ಯೋಚಿಸಿದೆ. ಹೋದ ವರ್ಷ ಇದೇ ತಿಂಗಳು ಇಲ್ಲಿ ಏನಾಯಿತು ಎಂದು ನಾನು ನಿನ್ನನ್ನು ಕೇಳಿಲ್ಲ. ನೀನೂ ಹೇಳಿಲ್ಲ. ಟೀವಿ, ಟೀವಿ ಎಂದು ಒಂದು ವರ್ಷ ಬರೆದುಕೊಂಡೆವು. ಅದೂ ಇಲ್ಲದಿದ್ದರೆ ಏನೂ ಬರೆಯುತ್ತಿರಲಿಲ್ಲ.

ವರ್ಷದ ಪೂಜೆಗೆ ಭಿಕ್ಷುಗಳು, ಅಕ್ಕ, ಊರಿನವರು ಎಲ್ಲ ಇರುತ್ತಾರೆ. ನೀನು ಹಿಂದಿನ ದಿನವೇ ಬಾ. ಕೂತುಕೊಂಡು ಹೇಳು. ನಿಮ್ಮಮ್ಮನಿಗೆ ಮೊದಲು ನೋವು ಬಂದಾಗ ಏನು ಮಾಡುತ್ತಿದ್ದಳು, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು, ಕೊನೆಗೆ ನೀನು ಪಕ್ಕದಲ್ಲಿದ್ದೆಯಾ, ನನ್ನನ್ನು ಕೇಳಿದಳಾ. ಕೇಳಲಿಲ್ಲ ಎಂದಾದರೆ ಹಾಗೇ ಹೇಳು. ಟೀವಿ ಹಾಕುವುದಿಲ್ಲ.

ಇನ್ನೊಂದು. ನೀನು ಹೇಳುವಾಗ ನಾನು ನಿನ್ನ ಕಿವಿಯ ಕಡೆ ನೋಡುತ್ತಿರುತ್ತೇನೆ. ಅದು ಕೋಪವಲ್ಲ. ಹಾಗೆ ನೋಡಿದರೇ ನನಗೆ ನಿನ್ನ ಮುಖ ಕಾಣುವುದು.

ಅಪ್ಪ